ಕತ್ತು ನಿಲ್ಲದ ದೊರೆಮಗ

ಬೇಡ ಎನ್ನುವ ಒಂದು ಮಾತನ್ನು ಅವನು ಬೆಳಗಿನಿಂದ ಬಾಯಲ್ಲಿಟ್ಟುಕೊಂಡು ಓಡಾಡುತ್ತಿದ್ದ. ಸಂಜೆ ಅಕ್ಕ ಬರುತ್ತಾಳೆ, ಮಗನನ್ನೂ ಕರೆದುಕೊಂಡು ಬರುತ್ತಾಳೆ. ಬಂದು, ಕೂತು, ಚಹಾ ಕುಡಿದು, ನಿನ್ನ ಮಗಳನ್ನು ನನ್ನ ಮಗನಿಗೆ ಕೊಡು ಎಂದು ಕೇಳುತ್ತಾಳೆ. ಕೇಳುವುದೇನು ಬಂತು, ಅದು ಎಂದೋ ಆಗಿಹೋದ ಮಾತು ಎಂಬ ಧೈರ್ಯದಲ್ಲಿ ದಿನ ಗೊತ್ತುಮಾಡಿಕೊಂಡು ಹೋಗುವುದಕ್ಕೇ ಬರುತ್ತಿದ್ದಾಳೆ. ಆಗ ಅವನು ಬೇಡ ಎನ್ನಬೇಕು. ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಒಂದು ಸಲ ಅಂದು ನೋಡಿದ. ಪಕ್ಕದಲ್ಲಿದ್ದ ಹೆಂಗಸು ತನಗೇ ಏನೋ ಹೇಳಿದನೆಂದು ಚೀಲವನ್ನು ಹತ್ತಿರಕ್ಕೆ ಎಳೆದುಕೊಂಡಳು. ಅವನಿಗೆ ನಾಚಿಕೆಯಾಯಿತು. ಈ ವಯಸ್ಸಿನಲ್ಲಿ ಸ್ವಂತ ಅಕ್ಕನಿಗೆ ಒಂದು ಮಾತು ಹೇಳುವುದಕ್ಕೆ ಪಾಠ ಒಪ್ಪಿಸುವವನ ಹಾಗೆ ಅಭ್ಯಾಸ ಮಾಡಬೇಕೇ ಎಂದುಕೊಂಡ. ಮಾತಿಗೇನು, ಬೇಡ ಎನ್ನುವುದು ಬಹಳ ಚಿಕ್ಕ ಮಾತು. ಅದರ ಬೆನ್ನ ಹಿಂದೆಯೇ ‘ಯಾಕೆ’ ಎಂಬುದು ಬಂದು ನಿಲ್ಲುತ್ತದಲ್ಲ, ಅದಕ್ಕೆ ಉತ್ತರ ಹೇಳುವಾಗ ಎದುರಿಗೆ ಹೆಂಡತಿ ನಿಂತಿರುತ್ತಾಳೆ.

ಅರಮನೆಯ ಹಿಂಬದಿಯ ಬಾಗಿಲಿನಿಂದ ಒಳಗೆ ಹೋಗಿ, ಕೈ ತೊಳೆದು, ಉದ್ದನೆಯ ಮೇಜಿನ ಮುಂದೆ ಕೂತ. ಅರಮನೆ ವಸ್ತುಸಂಗ್ರಹಾಲಯವಾಗಿ ಬಹಳ ಕಾಲವಾಗಿತ್ತು. ಸತ್ತ ರಾಜರ ಬಟ್ಟೆಗಳಿಗೆ ಮೈ ಮಾಡಿಕೊಡುವುದು ಅವನ ಕೆಲಸ. ಗಾಜಿನ ಪೆಟ್ಟಿಗೆಯೊಳಗೆ ಒಂದು ಅಂಗಿ ಸುಮ್ಮನೆ ನೇತಾಡಿದರೆ ನೋಡುವವರಿಗೆ ಅದು ಒಗೆದು ಒಣಹಾಕಿದ ಬಟ್ಟೆ. ಅದರೊಳಗೆ ಹತ್ತಿ, ರಟ್ಟು, ಮೆತ್ತನೆಯ ಬಿಳಿ ಬಟ್ಟೆ ಸೇರಿಸಿ ಎದೆ, ಹೆಗಲು, ಬೆನ್ನು ಕಟ್ಟಿದರೆ ಅದು ದೊರೆ. ಜೊತೆಯವರು ಅವನನ್ನು ಗೊಂಬೆಯಪ್ಪ ಎಂದು ಕರೆಯುತ್ತಿದ್ದರು, ಅವನೂ ಓಗೊಡುತ್ತಿದ್ದ. ಅಳತೆಯನ್ನು ಅವನಿಗೆ ಯಾರೂ ಕೊಡುತ್ತಿರಲಿಲ್ಲ, ಬಟ್ಟೆಯೇ ಹೇಳಬೇಕು. ಈ ಮನೆತನದ ಮೊದಲ ದೊರೆಯ ನಿಲುವಂಗಿ ಕಟ್ಟುವಾಗ ಹತ್ತಿ ಸಾಲದೆ ಮತ್ತೆ ತರಿಸಬೇಕಾಗಿತ್ತು, ಅಷ್ಟು ಅಗಲದ ಎದೆ. ಅವನ ಮೊಮ್ಮಗನ ಅಂಗಿಯಲ್ಲಿ ಎಡಹೆಗಲಿನ ಒಳಗೆ ಮಾತ್ರ ದಪ್ಪನೆಯ ಮೆತ್ತೆ ಹೊಲಿದಿದ್ದರು, ಆ ಹೆಗಲು ಕುಸಿದದ್ದು ಪ್ರಜೆಗಳ ಕಣ್ಣಿಗೆ ಬೀಳಬಾರದೆಂದು. ಅಲ್ಲಿಂದ ಮುಂದಕ್ಕೆ ತೋಳುಗಳು ಒಂದಕ್ಕೊಂದು ಸಮವಾಗಿರಲಿಲ್ಲ, ಬೆನ್ನಿನ ಹೊಲಿಗೆ ನೇರವಾಗಿ ಇಳಿಯುತ್ತಿರಲಿಲ್ಲ. ಆಮೇಲೆ ಬರೀ ಕೂಸುಗಳ ಅಂಗಿಗಳು. ಜರಿ ಹಾಕಿದ, ಮುತ್ತು ಹೊಲಿದ, ಒಂದು ಸಲವೂ ನೀರು ಕಾಣದ ಅಂಗಿಗಳು, ಅಂಚಿನಲ್ಲಿ ಒಂದು ಕಲೆಯಿಲ್ಲ, ಮೊಣಕಾಲಿನಲ್ಲಿ ಒಂದು ಸವೆತವಿಲ್ಲ. ಅಂಬೆಗಾಲಿಟ್ಟ ಮಗುವಿನ ಬಟ್ಟೆ ಅಷ್ಟು ಚೊಕ್ಕಟವಾಗಿರುವುದಿಲ್ಲ ಎಂಬುದು ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಮೊಗಸಾಲೆಯ ಗೋಡೆಯ ಮೇಲೆ ಆ ಮನೆತನದ ವಂಶವೃಕ್ಷ ಬರೆಸಿದ್ದರು. ವೃಕ್ಷವೆಂದ ಮೇಲೆ ಕವಲೊಡೆದು ಹರಡಬೇಕು ತಾನೇ. ಇದು ಕೆಳಗೆ ಅಗಲವಾಗಿ ಹೊರಟು ಮೇಲಕ್ಕೆ ಹೋದಂತೆ ಮಡಚಿದ ಕೊಡೆಯ ಹಾಗೆ ಕೂಡಿಕೊಂಡುಬಿಟ್ಟಿತ್ತು. ಸೋದರಮಾವ ಅಕ್ಕನ ಮಗಳನ್ನು ಮದುವೆಯಾಗಿದ್ದ, ಆ ಮಗಳ ಮಗ ಅತ್ತೆಯ ಮಗಳನ್ನು ಆಗಿದ್ದ, ರಾಜ್ಯ ಹೊರಗಿನವರ ಪಾಲಾಗದಿರಲಿ ಎಂದು ಎರಡೇ ಮನೆಗಳ ನಡುವೆ ಹೆಣ್ಣು ಗಂಡು ಓಡಾಡಿಸಿದ್ದರು. ‘ಈ ಮನೆಯೋರಿಗೆ ಒಳ್ಳೆ ಅನುಕೂಲ ಕಣ್ರೀ, ಬೀಗರನ್ನ ಊಟಕ್ಕೆ ಕರೀಬೇಕಂದ್ರೆ ಪಕ್ಕದ ರೂಮಿಗೆ ಹೋದ್ರೆ ಸಾಕಿತ್ತು’ ಎಂದು ಬಾಗಿಲು ಕಾಯುವವನು ನೋಡಲು ಬಂದವರಿಗೆಲ್ಲ ಹೇಳುತ್ತಿದ್ದ. ಜನ ನಗುತ್ತಿದ್ದರು, ಅವನೂ ನಕ್ಕಿದ್ದ. ನಕ್ಕು ಒಳಗೆ ಬಂದು ಕೂತಮೇಲೆ ಅಮ್ಮನ ದನಿ ಕೇಳಿಸಿತ್ತು: ‘ನಮ್ಮ ಮನೇಲಿ ಹೆಣ್ಣು ಹುಡುಕ್ಕೊಂಡು ಹೊಸ್ತಿಲು ದಾಟಿದೋರೇ ಇಲ್ಲ.’ ಎಷ್ಟು ಹೆಮ್ಮೆ ಆ ದನಿಯಲ್ಲಿ. ಅಮ್ಮ ಅಪ್ಪನಿಗೆ ಅತ್ತೆಯ ಮಗಳು. ತನ್ನ ಹೆಂಡತಿ ತನ್ನ ಸೋದರಮಾವನ ಮಗಳು, ಲಂಗದ ಅಂಚು ಕಚ್ಚಿಕೊಂಡು ಬಾವ, ಬಾವ ಎಂದು ಹಿಂದೆ ಹಿಂದೆ ತಿರುಗುತ್ತಿದ್ದವಳು, ಮನೆಮಂದಿಗೆಲ್ಲ ಸಣ್ಣಿ. ಕಾಯುವುದಕ್ಕೆ ರಾಜ್ಯವಿರಲಿಲ್ಲ, ಸಿಂಹಾಸನವಂತೂ ಮೊದಲೇ ಇರಲಿಲ್ಲ. ಎರಡು ಕೋಣೆಯ ಮನೆಗೆ ಇಷ್ಟೊಂದು ಕಾವಲು ಯಾಕೆ ಬೇಕಾಗಿತ್ತೋ ಎಂದು ಈಗ ಅನ್ನಿಸುತ್ತದೆ.

ಮೇಜಿನ ಮೇಲೆ ಇದ್ದದ್ದು ಕೊನೆಯ ದೊರೆಮಗನ ಅಂಗಿ. ಹೆಸರಿಗೆ ಅವನು ದೊರೆಯೇ, ತೊಟ್ಟಿಲಲ್ಲಿದ್ದಾಗಲೇ ಪಟ್ಟ ಕಟ್ಟಿದ್ದರು. ಅವನಾದ ಮೇಲೆ ಯಾರೂ ಇರಲಿಲ್ಲ. ಸಿಂಹಾಸನ ಖಾಲಿ ಬಿದ್ದು, ನೆರೆಯವರು ಬಂದು ನೆಲ ಹಂಚಿಕೊಂಡರು. ಕತ್ತುಪಟ್ಟಿಯನ್ನು ಎರಡು ಬೆರಳಲ್ಲಿ ಒತ್ತಿದಾಗ ಒಳಗೆ ಗಟ್ಟಿಯಾದದ್ದೇನೋ ಸಿಕ್ಕಿತು. ದೀಪ ಹತ್ತಿರಕ್ಕೆ ಎಳೆದುಕೊಂಡು ಬಿಚ್ಚಿದ್ದ ಹೊಲಿಗೆಯ ಸಂದಿನಲ್ಲಿ ಇಣುಕಿದ. ಬೆತ್ತದ ಸೀಳುಗಳು, ತೆಳುವಾಗಿ ಸೀಳಿ, ಚುಚ್ಚದಂತೆ ತುದಿ ಉಜ್ಜಿ, ಸುತ್ತ ಮೆತ್ತನೆಯ ಬಟ್ಟೆ ಸುತ್ತಿ, ಪಟ್ಟಿಯ ಉದ್ದಕ್ಕೂ ನಿಲ್ಲಿಸಿ ಹೊಲಿದಿದ್ದವು. ದರ್ಜಿಯ ಹೊಲಿಗೆಯಲ್ಲ ಅದು, ಸೊಟ್ಟಗಿತ್ತು, ಒಂದೇ ಕಡೆ ಎರಡೆರಡು ಸಲ ಸೂಜಿ ಹೋಗಿತ್ತು. ಯಾರೋ ಹೆಂಗಸು, ತಾಯಿಯೋ ದಾದಿಯೋ, ಕೂಸಿನ ತಲೆ ವಾಲದಿರಲೆಂದು ಕೂತು ಹೊಲಿದದ್ದು. ಅವನ ಕೈ ಅಲ್ಲೇ ನಿಂತಿತು. ಆಗ ಅವನಿಗೆ ಮನೆಯ ಹಳೆಯ ಟವೆಲ್ಲು ನೆನಪಾಯಿತು, ನೀಲಿ ಗೆರೆಯದು. ಸಣ್ಣಿ ಅದನ್ನು ಸುರುಳಿ ಸುತ್ತಿ ಮಗುವಿನ ಕತ್ತಿನ ಎರಡೂ ಪಕ್ಕಕ್ಕೆ ಇಡುತ್ತಿದ್ದಳು, ‘ನೋಡು ಬಾವ, ಈಗ ನೆಟ್ಟಗೆ ನೋಡ್ತಾನೆ’ ಎನ್ನುತ್ತಿದ್ದಳು. ಮಗು ನೆಟ್ಟಗೆ ನೋಡುತ್ತಿತ್ತು, ಟವೆಲ್ಲು ಜಾರುವವರೆಗೆ. ಎಲ್ಲರ ಮಕ್ಕಳಿಗೂ ಕತ್ತು ನಿಂತಿತು, ಬೋರಲು ಬಿದ್ದವು, ಹೊಸ್ತಿಲು ದಾಟಿದವು. ಇವನಿಗೆ ಕತ್ತು ನಿಲ್ಲಲೇ ಇಲ್ಲ. ಅವನಾದ ಮೇಲೆ ಬಂದದ್ದು ಹಾಲು ಕುಡಿಯುವುದನ್ನೂ ಕಲಿಯದೆ ಹೋಯಿತು. ಎಲ್ಲಕ್ಕಿಂತ ಮೊದಲು ಹುಟ್ಟಿದ ಮಗಳು ಮಾತ್ರ ಏನೂ ಆಗದೆ ಗುಂಡುಕಲ್ಲಿನ ಹಾಗೆ ಬೆಳೆದಳು. ಅವಳೊಬ್ಬಳನ್ನೇ ಈಗ ಅಕ್ಕ ಕೇಳುತ್ತಿದ್ದಾಳೆ.

‘ಇದ್ಯಾಕೆ ವಾಲಿದೆ?’ ಎಂದರು ಮೇಡಂ. ವಸ್ತುಸಂಗ್ರಹಾಲಯದ ಮೇಲ್ವಿಚಾರಕಿ, ಯಾವಾಗ ಬಂದು ಹಿಂದೆ ನಿಂತಿದ್ದರೋ ತಿಳಿಯಲಿಲ್ಲ. ಅವನು ನಿನ್ನೆ ಕಟ್ಟಿ ಮುಗಿಸಿದ್ದ ಪುಟ್ಟ ಮೈಯನ್ನು ಅವರು ಪೆನ್ನಿನ ತುದಿಯಿಂದ ತೋರಿಸುತ್ತಿದ್ದರು. ಅವನೂ ನೋಡಿದ. ಮೈಗೆ ತಲೆ ಇರಲಿಲ್ಲ, ಕತ್ತಿನ ಮೋಟು ಮಾತ್ರ; ಆ ಮೋಟು ಬಲಕ್ಕೆ ವಾಲಿ, ಎದೆ ಒಂದಿಷ್ಟು ಒಳಕ್ಕೆ ಹೋಗಿ, ಕೈಗಳ ಜಾಗದಲ್ಲಿ ಹತ್ತಿ ಸೋತು ಇಳಿಬಿದ್ದಿತ್ತು. ಇಷ್ಟು ವರ್ಷದ ಕೆಲಸದಲ್ಲಿ ಇಂಥ ತಪ್ಪು ಅವನಿಂದ ಆಗಿರಲಿಲ್ಲ. ಬಟ್ಟೆಯನ್ನು ಕೇಳದೆ ಕೈ ತನ್ನ ಪಾಡಿಗೆ ತಾನು ಕಟ್ಟಿಬಿಟ್ಟಿತ್ತು. ‘ಅರಮನೆಯ ಚಿತ್ರದಲ್ಲಿ ದಿಂಬಿನ ಮೇಲೆ ನೆಟ್ಟಗೆ ಕೂತಿದ್ದಾನಲ್ರೀ. ದೊರೆಮಗ ಇವನು, ಬಸ್ಸಲ್ಲಿ ನಿದ್ದೆ ಹೊಡೆಯೋ ಪ್ರಯಾಣಿಕ ಅಲ್ಲ. ಸರಿ ಮಾಡಿ’ ಎಂದು ಮೇಡಂ ನಕ್ಕರು. ಜೊತೆಗಿದ್ದ ಇಬ್ಬರು ಹುಡುಗಿಯರೂ ನಕ್ಕರು. ಕತ್ತುಪಟ್ಟಿಯೊಳಗಿನ ಬೆತ್ತದ ವಿಷಯ ಹೇಳಬೇಕೆಂದು ಅವನು ಬಾಯಿ ತೆರೆದ. ‘ಸರಿ ಮಾಡ್ತೀನಿ ಮೇಡಂ’ ಎಂಬುದು ಹೊರಬಂತು. ಬೆಳಗಿನಿಂದ ಬೇಡ ಎನ್ನುವುದನ್ನು ಕಲಿಯುತ್ತಿರುವವನಿಗೆ ಇದು ಚೆನ್ನಾದ ಶಕುನವೇ ಆಯಿತು.

ಮಧ್ಯಾಹ್ನ ಸಣ್ಣಿ ಬಂದಳು. ಅವನು ಕನ್ನಡಕ ಮನೆಯಲ್ಲೇ ಮರೆತು ಹಳೆಯದರಲ್ಲಿ ಕೆಲಸ ಮಾಡುತ್ತಿದ್ದ. ಕನ್ನಡಕ ಒಂದು ನೆಪ, ಸಂಜೆ ಬೇಗ ಮನೆಗೆ ಬರುತ್ತಾನೋ ಇಲ್ಲವೋ ಎಂದು ಖಾತ್ರಿಮಾಡಿಕೊಳ್ಳುವುದಕ್ಕೆ ಬಂದಿದ್ದಳು. ಹೊಸ ಪರದೆ ಹಾಕಿದ್ದಾಗಿದೆ, ಅತ್ತಿಗೆಗೆ ಮೊಣಕಾಲು ನೋವಲ್ಲ, ಎತ್ತರದ ಕುರ್ಚಿ ಪಕ್ಕದ ಮನೆಯಿಂದ ತಂದದ್ದಾಗಿದೆ ಎಂದು ಹೇಳುತ್ತಲೇ ಇದ್ದಳು. ಈ ಮದುವೆ ಅವಳಿಗೆ ಬೇಕಾಗಿತ್ತು. ಯಾಕೆ ಬೇಕೆಂದು ಮೊನ್ನೆ ಬಟ್ಟೆ ಮಡಚುತ್ತಾ ಅವಳೇ ಹೇಳಿದ್ದಳು: ‘ನಾವು ಬೇಡ ಅಂದ್ರೆ ಏನರ್ಥ ಬರುತ್ತೆ ಹೇಳು. ನಮ್ಮ ಮಕ್ಕಳು ಅದಕ್ಕೇ ಹೋದ್ವು ಅಂತ ನಾವೇ ಒಪ್ಕೊಂಡ ಹಾಗಾಗುತ್ತೆ.’ ಹೇಳಿ, ಹಾಸಿಗೆಯ ಹೊದಿಕೆಯ ಎರಡು ಮೂಲೆ ಅವನ ಕೈಗೆ ಕೊಟ್ಟು ಎಳೆ ಎಂದಿದ್ದಳು. ಅದೇ ಅಂಜಿಕೆಯಿಂದ ಅವರಿಬ್ಬರೂ ಮಗುವನ್ನು ನೋಡಿದ್ದ ಆ ಡಾಕ್ಟರನ್ನು ಇಷ್ಟು ವರ್ಷ ನೆನೆಸಿಕೊಂಡಿರಲಿಲ್ಲ. ಎಳೆಯ ವಯಸ್ಸಿನ ಡಾಕ್ಟರು, ನೀವಿಬ್ಬರೂ ಮದುವೆಗೆ ಮುಂಚೆ ಏನಾಗಬೇಕು ಎಂದು ಕೇಳಿದ್ದ. ಇವಳು ನಾಚಿಕೊಂಡು, ಸೆರಗು ಬಾಯಿಗಿಟ್ಟು, ‘ಇವರು ನಂಗೆ ಬಾವ’ ಎಂದು ನಕ್ಕಿದ್ದಳು. ಡಾಕ್ಟರು ನಗಲಿಲ್ಲ. ಒಂದೇ ರಕ್ತದವರಿಬ್ಬರಲ್ಲಿ ಅಡಗಿದ್ದ ಒಂದೇ ದೋಷ ಎರಡೂ ಕಡೆಯಿಂದ ಮಗುವಿಗೆ ಬರುತ್ತದೆ ಎಂದು ನಿಧಾನವಾಗಿ, ಯಾರನ್ನೂ ಬೈಯದೆ ಹೇಳಿದ್ದ. ದಾರಿಯಲ್ಲಿ ಸಣ್ಣಿ, ‘ಅವನಿಗಿನ್ನೂ ಮೀಸೇನೇ ಬಂದಿಲ್ಲ, ಅವನಿಗೇನು ಗೊತ್ತು’ ಎಂದಳು. ಅವನು ಹೌದು ಎಂದಿದ್ದ. ಆ ಮಾತು ಅಲ್ಲಿಗೇ ನಿಂತುಹೋಗಿತ್ತು.

ಮಾತಾಡುತ್ತಾ ಆಡುತ್ತಾ ಅವಳು ಮೇಜಿನ ಹತ್ತಿರ ಬಂದಳು. ಮೇಜಿನ ಮೇಲಿದ್ದ ಪುಟ್ಟ ಮೈಯನ್ನು ನೋಡುತ್ತಿದ್ದಳು. ಅವನು ಅದನ್ನು ಇನ್ನೂ ಸರಿಮಾಡಿರಲಿಲ್ಲ. ಮುಟ್ಟಬೇಡ ಎನ್ನಬೇಕಾಗಿತ್ತು, ಅಲ್ಲಿಯ ನಿಯಮವೇ ಅದು. ಹೇಳುವಷ್ಟರಲ್ಲಿ ಅವಳು ಒಂದು ಕೈಯನ್ನು ಅದರ ಕತ್ತಿನ ಅಡಿಗೆ ಕೊಟ್ಟು, ಇನ್ನೊಂದರಲ್ಲಿ ಬೆನ್ನು ಹಿಡಿದು ಎತ್ತಿಕೊಂಡುಬಿಟ್ಟಿದ್ದಳು. ಹೊಸದಾಗಿ ನೋಡುವವರು ಬರೀ ಹತ್ತಿಯ ಮೂಟೆಯನ್ನು ಹಾಗೆ ಎತ್ತುವುದಿಲ್ಲ. ‘ಯಾರ ಅಂಗಿಗೆ ಇದು?’ ಎಂದಳು. ಹೇಳಿದ. ಅವಳು ಮೈಯನ್ನು ಎದೆಗೆ ಆನಿಸಿಕೊಂಡು, ಬಿಡುವಾದ ಕೈಯಿಂದ ಅಂಗಿಯ ಕತ್ತುಪಟ್ಟಿ ಮುಟ್ಟಿದಳು, ಬೆರಳಲ್ಲಿ ಬೆತ್ತದ ಸೀಳುಗಳನ್ನು ಒಂದೊಂದಾಗಿ ಒತ್ತಿ ನೋಡಿದಳು. ‘ಕತ್ತು ನಿಂತಿರ್ಲಿಲ್ಲ ಇವನಿಗೆ’ ಎಂದಳು. ಅದನ್ನು ಯಾರೂ ಅವಳಿಗೆ ಹೇಳಿರಲಿಲ್ಲ. ಆಮೇಲೆ ಅವನ ಕಡೆ ನೋಡದೆ ಕೇಳಿದಳು:

‘ಇವನ ಅಪ್ಪ ಅಮ್ಮನೂ ಸಂಬಂಧದಲ್ಲೇನಾ ಬಾವ?’

ಆಗ ಹೇಳಬಹುದಾಗಿತ್ತು. ಕೋಣೆಯಲ್ಲಿ ಅವರಿಬ್ಬರೇ ಇದ್ದರು, ಅಕ್ಕನಿರಲಿಲ್ಲ, ಮಗಳಿರಲಿಲ್ಲ. ಕೇಳಿದವಳೂ ಅವಳೇ, ಬಾಗಿಲು ತಾನಾಗಿಯೇ ತೆರೆದಿತ್ತು. ‘ರಾಜರ ವಿಷಯ ಬೇರೆ ಬಿಡು, ಅವರದ್ದು ಎಷ್ಟೋ ತಲೆಮಾರಿನದು’ ಎಂದ. ಅವಳು ಹೂಂ ಎಂದು ಮೈಯನ್ನು ಮೇಜಿನ ಮೇಲೆ ಮಲಗಿಸಿದಳು, ಕತ್ತಿನ ಅಡಿಯ ಕೈ ಕೊನೆಗೆ ತೆಗೆದಳು. ಕನ್ನಡಕದ ಡಬ್ಬಿ ಅವನ ಮುಂದಿಟ್ಟು, ಸಂಜೆ ಬೇಗ ಬಾ ಎಂದು ಹೇಳುವುದನ್ನು ಮರೆತು ಹೋದಳು. ಅವನು ಮಧ್ಯಾಹ್ನವೆಲ್ಲ ಹತ್ತಿ ಬಿಚ್ಚಿ, ಮೋಟನ್ನು ಎತ್ತಿ, ಒಳಗೆ ರಟ್ಟು ಕೊಟ್ಟು ಕೂಸನ್ನು ನೆಟ್ಟಗೆ ಕೂರಿಸಿದ. ಚೆನ್ನಾಗಿತ್ತು. ಮೇಡಂ ಹಾದುಹೋಗುತ್ತಾ ‘ಈಗ ನೋಡಿ, ದೊರೆ’ ಎಂದರು.

ಅವನು ಮನೆಗೆ ಬಂದಾಗ ಅಕ್ಕ ಆಗಲೇ ಎತ್ತರದ ಕುರ್ಚಿಯಲ್ಲಿ ಕೂತಿದ್ದಳು. ಅಮ್ಮ ಹಾಸಿಗೆ ಹಿಡಿದ ಮೇಲೆ ಅವನನ್ನು ಬೆಳೆಸಿದವಳು ಅವಳೇ, ಅವನ ಮೂಗೊರೆಸಿ ಶಾಲೆಗೆ ಕಳಿಸಿದವಳು. ಗಂಡ ಸತ್ತ ಮೇಲೆ ಒಬ್ಬ ಮಗನನ್ನು ಕಟ್ಟಿಕೊಂಡು ಯಾರ ಮುಂದೆಯೂ ಕೈಚಾಚದೆ ಬಂದವಳು. ಮಗ ಕದದ ಪಕ್ಕದಲ್ಲಿ ನಿಂತಿದ್ದ, ಮೋಟಾರು ರಿಪೇರಿಯ ಕೆಲಸದವನು, ಎಷ್ಟು ತೊಳೆದರೂ ಉಗುರಿನ ಸಂದಿ ಕಪ್ಪು. ಒಳ್ಳೆಯ ಹುಡುಗ. ಅದೇ ಕಷ್ಟವಾಗಿತ್ತು, ಕೆಟ್ಟವನಾಗಿದ್ದರೆ ಎಷ್ಟು ಸುಲಭ. ಮಗಳು ಒಳಗಿನಿಂದ ಚಹಾ ತಂದಾಗ ಹುಡುಗ ತಟ್ಟೆಯ ಒಂದು ಬದಿ ಹಿಡಿದುಕೊಂಡ, ಅವಳು ಬಿಡು ಎಂಬಂತೆ ಹುಬ್ಬು ಗಂಟುಹಾಕಿದಳು, ಅವನು ಬಿಡಲಿಲ್ಲ. ಬಹಳ ದಿನದ ಸಲಿಗೆ ಅದು. ಸಣ್ಣಿ ಅಡುಗೆಮನೆಯ ಬಾಗಿಲಲ್ಲಿ ನಿಂತು ನಗುತ್ತಲೇ ಇದ್ದಳು. ಮಧ್ಯಾಹ್ನ ಬಂದು ಹೋದವಳು ಇವಳೇ ಹೌದೋ ಅಲ್ಲವೋ ಎಂದು ಅವನಿಗೆ ಅನುಮಾನವಾಯಿತು.

‘ಏನಪ್ಪಾ, ರಾಜರನ್ನೆಲ್ಲಾ ಎಬ್ಬಿಸಿ ಕೂರ್ಸಿ ಬಂದ್ಯಾ?’ ಎಂದಳು ಅಕ್ಕ. ‘ನಮ್ಮ ಕೆಲಸಾನೂ ಸ್ವಲ್ಪ ನೋಡು. ದಿನ ಹೇಳು, ನಾನು ಹೊರಡ್ತೀನಿ.’

‘ಅವಳು ಇನ್ನೂ ಓದ್ಬೇಕು ಅಂತಿದ್ಲು’ ಎಂದ.

‘ಓದ್ಲಿ. ನಮ್ಮ ಮನೇಲೇನು ದೀಪ ಇಲ್ವಾ?’

‘ಇವನ ಕೆಲಸ ಒಂದು ನೆಲೆಗೆ ಬರ್ಲಿ ಅಂತ...’

‘ನೀನು ಮದುವೆ ಆಗುವಾಗ ನಿನ್ನ ಕೆಲಸ ಯಾವ ನೆಲೇಲಿತ್ತೋ? ಗೊಂಬೆಗೆ ಬಟ್ಟೆ ಹಾಕ್ತೀನಿ ಅಂತಿದ್ದೆ, ನಾವು ಮಾವನಿಗೆ ಏನೇನೋ ಹೇಳಿ ಸಮಾಧಾನ ಮಾಡಿದ್ವಿ.’ ಎಲ್ಲರೂ ನಕ್ಕರು. ಅವನೂ ನಕ್ಕ. ನಗು ಮುಗಿದ ಮೇಲೆ ಹೇಳಿಕೊಳ್ಳುವುದಕ್ಕೆ ಇನ್ನೊಂದು ನೆಪ ಉಳಿದಿರಲಿಲ್ಲ.

‘ಬೇಡ ಅಕ್ಕ’ ಎಂದ. ಬಸ್ಸಿನಲ್ಲಿ ಅಂದದ್ದಕ್ಕಿಂತ ಸಣ್ಣ ದನಿಯಲ್ಲಿ.

ಅಕ್ಕ ಲೋಟವನ್ನು ತುಟಿಯ ಹತ್ತಿರ ಹಿಡಿದವಳು ಹಾಗೇ ಹಿಡಿದುಕೊಂಡಿದ್ದಳು. ‘ಏನು ಬೇಡ?’

‘ಈ ಸಂಬಂಧ ಬೇಡ. ಇವನು ಒಳ್ಳೇವನು, ನೀನು ನಂಗೆ ಅಮ್ಮ ಇದ್ದ ಹಾಗೆ. ಅದಕ್ಕಲ್ಲ. ನಾವು ನಾವೇ ಕೊಟ್ಟು ತಂದದ್ದು ಸಾಕು. ಅಪ್ಪ ಅಮ್ಮ ಹಾಗೇ ಆದ್ರು, ನಾನು ಹಾಗೇ ಆದೆ. ಇನ್ನು ಇವಳಿಗೂ ಇವನಿಗೂ ಹುಟ್ಟೋ ಮಕ್ಕಳು...’

ಅಕ್ಕ ಲೋಟ ಕೆಳಗಿಟ್ಟಳು. ಅವಳಿಗೆ ಸಿಟ್ಟು ಬಂದಾಗ ದನಿ ಏರುವುದಿಲ್ಲ, ಇಳಿಯುತ್ತದೆ. ‘ಲೋ ತಮ್ಮ, ಒಂದ್ ಮಾತು ಕೇಳ್ತೀನಿ. ಹಾಗಾದ್ರೆ ನೀನು ಇವಳನ್ನ ಮದುವೆ ಆಗಿದ್ದು ತಪ್ಪು ಅಂತೀಯಾ? ಅಲ್ಲೇ ನಿಂತಿದ್ದಾಳಲ್ಲ ಸಣ್ಣಿ, ಅವಳ ಮುಖ ನೋಡಿ ಹೇಳು. ತಪ್ಪಲ್ಲ ಅಂದ್ರೆ ಇದೂ ತಪ್ಪಲ್ಲ.’

ಅವನು ತಲೆ ಎತ್ತಿದ. ಸಣ್ಣಿಯ ಮುಖದಲ್ಲಿ ಇನ್ನೂ ಆ ನಗು ಉಳಿದಿತ್ತು, ಮುಖ ಮಾತ್ರ ಅದರ ಹಿಂದಿನಿಂದ ಸರಿದುಹೋಗಿತ್ತು. ಲಂಗದ ಅಂಚು ಕಚ್ಚಿಕೊಂಡು ನಿಂತ ಹುಡುಗಿ, ಜ್ವರ ಬಂದಾಗ ಅವನ ಹಣೆಯ ಮೇಲೆ ಕೈಯಿಟ್ಟವಳು, ಎರಡನೆಯ ಮಗುವನ್ನು ಮಣ್ಣಿಗೆ ಒಪ್ಪಿಸಿ ಬಂದ ದಿನ ಅವನಿಗೆ ಬಡಿಸಿ, ಉಣ್ಣು ಬಾವ, ನೀನು ಉಂಡರೆ ನಾನೂ ಉಣ್ಣುತ್ತೇನೆ ಎಂದು ಎದುರಿಗೆ ಕೂತವಳು. ಅವಳನ್ನು ಬಿಟ್ಟು ಬೇರೆ ಯಾರನ್ನಾದರೂ ಮದುವೆಯಾಗುತ್ತಿದ್ದೆನೇ ಎಂದು ಅವನು ಒಮ್ಮೆಯೂ ಕೇಳಿಕೊಂಡದ್ದಿಲ್ಲ. ತಪ್ಪಲ್ಲ ಎಂಬ ಒಂದೇ ಮಾತು ಸಾಕಾಗಿತ್ತು, ಈ ಹೆಂಗಸು ಉಳಿದುಬಿಡುತ್ತಿದ್ದಳು. ಪಕ್ಕದಲ್ಲಿ ಮಗಳು ಖಾಲಿ ತಟ್ಟೆಯನ್ನು ಎದೆಗೆ ಒತ್ತಿಕೊಂಡು ನಿಂತಿದ್ದಳು.

‘ಅದೂ ತಪ್ಪೇ ಆಯ್ತು ಅಕ್ಕ’ ಎಂದ.

ಅಕ್ಕ ಏಳುವಾಗ ಅವನು ಕೈ ಕೊಡಹೋದ, ಅವಳು ಹಿಡಿಯಲಿಲ್ಲ, ಕುರ್ಚಿಯ ತೋಳನ್ನೇ ಊರಿ ಎದ್ದಳು. ‘ಸತ್ತ ಅಮ್ಮನಿಗೂ ಬುದ್ಧಿ ಹೇಳೋಷ್ಟು ದೊಡ್ಡವನಾದ್ಯಲ್ಲಪ್ಪ’ ಎಂದಳು. ಅವಳ ಕಣ್ಣಲ್ಲಿ ನೀರಿತ್ತು. ಹುಡುಗ ತಾಯಿಯ ಚಪ್ಪಲಿಯನ್ನು ಬಗ್ಗಿ ಸರಿಮಾಡಿಟ್ಟ, ‘ಬರ್ತೀನಿ ಮಾವ, ಬರ್ತೀನಿ ಅತ್ತೆ’ ಎಂದು ಯಾವತ್ತಿನ ಹಾಗೆಯೇ ಹೇಳಿದ, ಮಗಳ ಕಡೆ ಮಾತ್ರ ನೋಡಲಿಲ್ಲ. ಮೆಟ್ಟಿಲ ಮೇಲೆ ಅವರ ಸದ್ದು ಇಳಿದುಹೋಗುವವರೆಗೆ ಮೂವರೂ ನಿಂತೇ ಇದ್ದರು. ಆಮೇಲೆ ಮಗಳು ತಟ್ಟೆಯನ್ನು ಮೇಜಿನ ಮೇಲಿಟ್ಟಳು. ‘ಅಪ್ಪ, ಇದನ್ನ ನಾವು ಜೊತೇಲಿ ಆಡ್ಕೊಂಡಿದ್ದಾಗ್ಲೇ ಹೇಳ್ಬಾರ್ದಿತ್ತಾ?’ ಎಂದಳು. ಬೈದಿದ್ದರೆ ತಡೆದುಕೊಳ್ಳಬಹುದಿತ್ತು, ಅವಳು ನಿಜವಾಗಿಯೂ ತಿಳಿಯಬೇಕೆಂದೇ ಕೇಳಿದ್ದಳು. ಅವಳು ತನ್ನ ಕೋಣೆಗೆ ಹೋಗಿ ಕದ ಹಾಕಿಕೊಂಡಳು, ಜೋರಾಗಿ ಕೂಡ ಅಲ್ಲ.

ಸಣ್ಣಿ ಅಡುಗೆಮನೆಯಲ್ಲಿ ಲೋಟ ತೊಳೆಯುತ್ತಿದ್ದಳು. ಅವನು ಬಾಗಿಲಿಗೆ ಒರಗಿ ನಿಂತ. ಏನು ಹೇಳಿದರೂ ಅದು ಮೊದಲು ಹೇಳಿದ್ದನ್ನು ತಿದ್ದುವುದಕ್ಕೆ ಹೊರಟಂತೆ ಆಗುತ್ತಿತ್ತು, ತಿದ್ದುವ ಹಾಗೂ ಇರಲಿಲ್ಲ. ತೊಳೆದ ಲೋಟವನ್ನೇ ಅವಳು ಮತ್ತೆ ನಲ್ಲಿಯ ಕೆಳಗೆ ಹಿಡಿದಳು.

‘ನೀನು ಹೇಳಿದ್ದು ಸರಿ ಬಾವ’ ಎಂದಳು, ಬೆನ್ನು ತಿರುಗಿಸಿಕೊಂಡೇ. ‘ಆದ್ರೆ ಅದನ್ನ ನಾನು ಹೇಳ್ಬೇಕಿತ್ತು. ಮಧ್ಯಾಹ್ನದಿಂದ ನಾನೇ ಹೇಳೋಣ ಅಂತಿದ್ದೆ, ಬಾಯಿ ಬರ್ಲಿಲ್ಲ. ನೀನು ಹೇಳಿದ್ರೆ ನನ್ನೇ ಬೇಡ ಅಂದ ಹಾಗೆ ಕೇಳ್ಸುತ್ತೆ.’

‘ಸಣ್ಣಿ, ನಾನು ಯಾವತ್ತಾದ್ರೂ ನಿನ್ನ...’

‘ಗೊತ್ತು. ಸುಮ್ನಿರು.’

ನಲ್ಲಿ ನಿಲ್ಲಿಸಿದಳು. ಕೈ ಒರೆಸಿಕೊಂಡಳು, ಆದರೂ ತಿರುಗಲಿಲ್ಲ. ಮಗಳ ಕೋಣೆಯಿಂದ ಅಳು ಕೇಳಿಸುತ್ತಿತ್ತು, ಮುಖವನ್ನು ದಿಂಬಿಗೆ ಒತ್ತಿಕೊಂಡು ಅಳುವವರ ಅಳು. ಇಬ್ಬರೂ ಅದನ್ನು ಕೇಳುತ್ತಾ ನಿಂತರು.

‘ಇನ್ನೊಂದು ಜನ್ಮ ಅಂತ ಇದ್ರೆ’ ಎಂದಳು ಸಣ್ಣಿ, ‘ಗುರುತೇ ಇಲ್ಲದ ಮನೇಲಿ ಹೋಗಿ ಹುಟ್ಟು. ಎಷ್ಟು ದೂರ ಆದ್ರೂ ಪರವಾಗಿಲ್ಲ. ನಮ್ಮೋರು ಯಾರೂ ನಿಮ್ಮೋರನ್ನ ನೋಡೇ ಇರ್ಬಾರ್ದು. ಆಮೇಲೆ ಬಂದು ನನ್ನ ಕೇಳು.’

‘ಬರ್ತೀನಿ’ ಎಂದ.

‘ನಾನು ಇಲ್ಲ ಅನ್ನಲ್ಲ’ ಎಂದಳು.